ನಮ್ಮ ಬೇಲಿಯ ಗೌರಿ ಹೂವು



ಕುರುಡುಮಲೆ ಎಂದೊಡನೆ ನಿಮ್ಮ ನೆನಪಿಗೆ ಬರುವುದು ಅಲ್ಲಿಯ ಗಣಪತಿ. ಮುಳಬಾಗಿಲಿನಿಂದ ಸುಮಾರು 10 ಕಿಲೋಮೀಟರ್ ದೂರದ ಈ ಪುಟ್ಟ ಊರಿನಲ್ಲಿ 13 ಅಡಿಗೂ ಎತ್ತರದ ಏಕಶಿಲಾ ವಿನಾಯಕನಿದ್ದಾನೆ, ಚೋಳರ ಕಾಲದ ಸೋಮೇಶ್ವರ ದೇವಾಲಯವಿದೆ, ಇವೆರಡರ ಬೆನ್ನಿಗೆ ಕಲ್ಲುಗುಂಡುಗಳ ಬೆಟ್ಟವಿದೆ. ದೇವಾಲಯಗಳ ಬಗ್ಗೆ ಬೇಕಾದಷ್ಟು ಮಾತು ಬಂದಿದೆ. ಈ ದಿನ ನಾನು ಹೇಳಹೊರಟಿರುವುದು ಆ ಬೆಟ್ಟದ ತಪ್ಪಲಿನಂಥ ಕುರುಚಲು ನೆಲದಲ್ಲಿ, ಹೊಲದ ಬೇಲಿಯ ಮೇಲೆ, ಯಾರೂ ನೆಡದೆ ಯಾರೂ ನೀರೆರೆಯದೆ ಅರಳುವ ಒಂದು ಹೂವಿನ ವಿಚಾರ.

ಚೌತಿಗೆ ಗಣಪತಿ ಬರುತ್ತಾನೆ. ಅದರ ಹಿಂದಿನ ದಿನ, ಭಾದ್ರಪದ ಶುದ್ಧ ತದಿಗೆಯಂದು, ಗೌರಿ ಬರುತ್ತಾಳೆ. ಇದೇ ಹೊತ್ತಿಗೆ ಮಳೆಗಾಲದ ಬೇಲಿಗಳ ಮೇಲೆ ಕೆಂಪು ಹಳದಿ ಬಣ್ಣದ, ಬೆಂಕಿಯ ನಾಲಗೆಯಂತಹ ಎಸಳುಗಳ ಒಂದು ಹೂವು ಕಾಣಿಸುತ್ತದೆ. ಮಲೆನಾಡಿನ ಜನ ಇದನ್ನು ಗೌರಿ ಹೂವು ಎಂದೇ ಕರೆದರು. ಸಸ್ಯವಿಜ್ಞಾನದಲ್ಲಿ ಇದರ ಹೆಸರು ಗ್ಲೋರಿಯೋಸ ಸೂಪರ್ಬ. 1753ರಲ್ಲಿ ಸ್ವೀಡನ್ನಿನ ಲಿನೇಯಸ್ ಕೊಟ್ಟ ಹೆಸರು ಇದು. ಒಂದು ಪದಕ್ಕೆ ವೈಭವ ಎಂದರ್ಥ, ಇನ್ನೊಂದಕ್ಕೆ ಭವ್ಯ ಎಂದರ್ಥ. ಸಾವಿರಾರು ಗಿಡಗಳಿಗೆ ಹೆಸರಿಟ್ಟ ಆ ಪಂಡಿತ ಈ ಒಂದು ಗಿಡಕ್ಕೆ ಎರಡೆರಡು ಬಿರುದು ಕೊಟ್ಟುಬಿಟ್ಟ.

ನಾನು ಓದಿದ್ದು ವಿಜ್ಞಾನ, ದುಡಿಯುತ್ತಿರುವುದು ದೂರದರ್ಶನದ ಕಾರ್ಯಕ್ರಮಗಳ ತಯಾರಿಕೆಯಲ್ಲಿ. ಹಾಗಾಗಿ ಈ ಹೂವನ್ನು ನೋಡುವಾಗ ನನಗೆ ಎರಡು ಪ್ರಶ್ನೆಗಳು ಏಳುತ್ತವೆ. ಇದು ಎಲ್ಲೆಲ್ಲಿ ಬೆಳೆಯುತ್ತದೆ? ಹಾಗೂ ಇದು ಉಳಿಯುತ್ತದೆಯೆ? ಮೊದಲನೆಯದನ್ನು ವಿಜ್ಞಾನಿಗಳು ನೆಲೆಯ ವಿಸ್ತಾರ ಎನ್ನುತ್ತಾರೆ, ಎರಡನೆಯದನ್ನು ಸಂರಕ್ಷಣೆಯ ಸ್ಥಿತಿ ಎನ್ನುತ್ತಾರೆ. ಮೊದಲನೆಯದಕ್ಕೆ ಉತ್ತರ ಸಿಕ್ಕರೆ ಎರಡನೆಯದಕ್ಕೂ ಸಿಕ್ಕಂತೆ ಎಂದು ನಮಗೆಲ್ಲ ಅನ್ನಿಸುವುದು ಸಹಜ. ಆದರೆ ಹಾಗಲ್ಲ. ಏಕೆಂಬುದನ್ನು ಒಂದೊಂದಾಗಿ ನೋಡೋಣ.

ಹೂವಿನ ಪರಿಚಯ

ಗೌರಿ ಹೂವಿನ ಬಳ್ಳಿಗೆ ಗಟ್ಟಿ ಕಾಂಡವಿಲ್ಲ. ಇತರ ಬಳ್ಳಿಗಳು ಕಾಂಡದಿಂದಲೇ ಸುತ್ತಿಕೊಂಡು ಮೇಲೇರುತ್ತವೆ, ಇಲ್ಲವೆ ಕುಡಿಬಳ್ಳಿಗಳನ್ನು ಚಾಚುತ್ತವೆ. ಇದರ ರೀತಿ ಬೇರೆ. ಪ್ರತಿ ಎಲೆಯ ತುದಿಯೇ ಸಪೂರವಾಗಿ ಉದ್ದವಾಗಿ ಸುರುಳಿಯಾಗುತ್ತದೆ. ಆ ಸುರುಳಿ ಪಕ್ಕದ ಕಡ್ಡಿಯನ್ನು ಹಿಡಿದುಕೊಳ್ಳುತ್ತದೆ. ಹೀಗೆ ಎಲೆಎಲೆಗೂ ಒಂದು ಕೈ. ಹಿಡಿದುಕೊಳ್ಳಲು ಪೊದೆಯೊ ಬೇಲಿಯೊ ಬೇಕೇಬೇಕು. ಈ ಮಾತನ್ನು ನೆನಪಿನಲ್ಲಿಡಿ, ಮುಂದೆ ಬೇಕಾಗುತ್ತದೆ.

ಹೂವು ಕೆಳಮುಖವಾಗಿ ತೂಗುತ್ತದೆ. ಆರು ಎಸಳುಗಳು ಹಿಂದಕ್ಕೆ ಬಾಗಿ ಮೇಲಕ್ಕೆ ನಿಲ್ಲುತ್ತವೆ. ಅಂಚು ಅಲೆಅಲೆಯಾಗಿರುತ್ತದೆ. ಅರಳಿದ ದಿನ ಬಣ್ಣ ಹಸಿರು ಮಿಶ್ರಿತ ಹಳದಿ. ದಿನ ಕಳೆದಂತೆ ತುದಿಯಿಂದ ಕಿತ್ತಳೆಯಾಗಿ, ಕೊನೆಗೆ ಕಡುಕೆಂಪಾಗುತ್ತದೆ. ಒಂದೇ ಬಳ್ಳಿಯಲ್ಲಿ ಮೂರು ಬಣ್ಣದ ಹೂಗಳಿವೆ ಎಂದು ನೋಡಿದವರು ತಿಳಿಯುತ್ತಾರೆ. ಅವು ಮೂರು ಬಣ್ಣದ ಹೂಗಳಲ್ಲ, ಮೂರು ವಯಸ್ಸಿನ ಹೂಗಳು. ಆರು ಕೇಸರಗಳು ಚಕ್ರದ ಅರಗಳಂತೆ ಸುತ್ತಲೂ ಚಾಚಿರುತ್ತವೆ. ಹೆಣ್ಣು ಭಾಗವಾದ ಶಲಾಕೆ ಬುಡದಲ್ಲೇ ಮಡಿದು ಒಂದು ಪಕ್ಕಕ್ಕೆ ಓರೆಯಾಗಿ ನಿಂತಿರುತ್ತದೆ. ತನ್ನದೇ ಪರಾಗ ತನಗೇ ಸುಲಭವಾಗಿ ತಗಲದಂತೆ ಇರುವ ಏರ್ಪಾಡು ಇದು. ಚಿಟ್ಟೆಗಳೊ ಸೂರಕ್ಕಿಗಳೊ ಬಂದು ಪರಾಗವನ್ನು ಹೂವಿನಿಂದ ಹೂವಿಗೆ ದಾಟಿಸಬೇಕು.

ನೆಲದೊಳಗೆ ಇದಕ್ಕೊಂದು ಗಡ್ಡೆಯಿದೆ. ನೇಗಿಲಿನಂತೆ ಎರಡು ಕವಲಾಗಿ ಬಾಗಿದ ಗಡ್ಡೆ. ಸಂಸ್ಕೃತದಲ್ಲಿ ಲಾಂಗಲ ಎಂದರೆ ನೇಗಿಲು, ಆದ್ದರಿಂದ ಗಿಡಕ್ಕೆ ಲಾಂಗಲೀ ಎಂದು ಹೆಸರು. ಎಸಳಿನ ಬಣ್ಣ ನೋಡಿದವರು ಅಗ್ನಿಶಿಖೆ ಎಂದರು. ಮುಳಬಾಗಿಲಿನ ಗಡಿ ದಾಟಿದರೆ ತೆಲುಗಿನಲ್ಲಿ ಇದು ಅಡವಿನಾಭಿ, ತಮಿಳಿನಲ್ಲಿ ಸೆಂಗಾಂದಳ್. ಮಹಾರಾಷ್ಟ್ರದಲ್ಲಿ ಗೌರಿಯ ಕೈ ಎಂಬ ಅರ್ಥದ ಹೆಸರಿದೆ. ಮೂರು ರಾಜ್ಯಗಳು ಕೂಡುವ ಮೂಲೆಯಲ್ಲಿರುವ ಕೋಲಾರ ಜಿಲ್ಲೆಯಲ್ಲಿ ಒಂದೇ ಸಂತೆಯಲ್ಲಿ ಒಂದು ಗಿಡಕ್ಕೆ ಮೂರು ಹೆಸರು ಕೇಳಿಬಂದರೆ ಆಶ್ಚರ್ಯವಿಲ್ಲ.

ಮಳೆಗಾಲ ಮುಗಿದು ಕಾಯಿ ಒಡೆದು ಕೆಂಪು ಬೀಜಗಳು ಹೊರಬಿದ್ದ ಮೇಲೆ ಬಳ್ಳಿ ಒಣಗಿಹೋಗುತ್ತದೆ. ಚಳಿಗಾಲ, ಬೇಸಿಗೆ ಎರಡನ್ನೂ ಗಡ್ಡೆ ನೆಲದೊಳಗೆ ಮಲಗಿ ಕಳೆಯುತ್ತದೆ. ಮರುವರ್ಷದ ಮಳೆಗೆ ಅದರ ಕವಲಿನ ತುದಿಯಿಂದ ಮೊಳಕೆ ಬರುತ್ತದೆ. ಒಂದೊಂದು ಕವಲಿಗೆ ಮೊಳಕೆಯ ಕಣ್ಣು ಒಂದೇ, ಅದೂ ತುದಿಯಲ್ಲಿ. ಆಲೂಗಡ್ಡೆಯಂತೆ ಮೈತುಂಬ ಕಣ್ಣುಗಳಿಲ್ಲ. ಅಗೆಯುವಾಗ ತುದಿ ಮುರಿಯಿತೆಂದರೆ ಆ ಕವಲು ಮತ್ತೆ ಚಿಗುರುವುದಿಲ್ಲ.

ವಿಷವೂ ಹೌದು, ಮದ್ದೂ ಹೌದು

ಈ ಗಿಡದ ಗಡ್ಡೆಯಲ್ಲೂ ಬೀಜದಲ್ಲೂ ಕಾಲ್ಚಿಸಿನ್ ಎಂಬ ವಸ್ತುವಿದೆ. ಇದನ್ನು ಮೊದಲು 1820ರಲ್ಲಿ ಯೂರೋಪಿನ ಇನ್ನೊಂದು ಗಿಡದಿಂದ ಫ್ರಾನ್ಸಿನ ಪೆಲೆಟಿಯೆ ಮತ್ತು ಕಾವೆಂಟು ಎಂಬ ರಸಾಯನಶಾಸ್ತ್ರಜ್ಞರು ಬೇರ್ಪಡಿಸಿದರು. ಕಾಲಿನ ಹೆಬ್ಬೆರಳು ಊದಿಕೊಂಡು ಸಹಿಸಲಾಗದ ನೋವು ಕೊಡುವ ಗೌಟ್ ಎಂಬ ಕೀಲುಬೇನೆಗೆ ಇಂದಿಗೂ ವೈದ್ಯರು ಇದನ್ನು ಕೊಡುತ್ತಾರೆ. ಆ ಗುಳಿಗೆಯಲ್ಲಿ ಇರುವುದು ಅರ್ಧ ಮಿಲಿಗ್ರಾಮಿನಷ್ಟು ಔಷಧ. ಪ್ರಮಾಣ ಎಷ್ಟು ಸೂಕ್ಷ್ಮವೆಂಬುದು ಇದರಿಂದಲೇ ತಿಳಿಯುತ್ತದೆ.

ಕಾಲ್ಚಿಸಿನ್ ಮಾಡುವ ಕೆಲಸವನ್ನು ಸರಳವಾಗಿ ಹೀಗೆ ಹೇಳಬಹುದು. ನಮ್ಮ ದೇಹದ ಒಂದು ಕೋಶ ಎರಡಾಗುವಾಗ ವರ್ಣತಂತುಗಳನ್ನು ಎರಡು ಪಾಲು ಮಾಡಿ ಎರಡು ಬದಿಗೆ ಎಳೆಯಲು ಸೂಕ್ಷ್ಮವಾದ ನೂಲುಗಳು ಹುಟ್ಟಿಕೊಳ್ಳುತ್ತವೆ. ಕಾಲ್ಚಿಸಿನ್ ಆ ನೂಲುಗಳು ಕಟ್ಟಿಕೊಳ್ಳದಂತೆ ತಡೆಯುತ್ತದೆ. ಆಗ ವರ್ಣತಂತುಗಳು ಇಮ್ಮಡಿಯಾಗಿರುತ್ತವೆ, ಆದರೆ ಕೋಶ ಎರಡಾಗುವುದಿಲ್ಲ. 1937ರಿಂದೀಚೆಗೆ ಸಸ್ಯತಳಿ ವಿಜ್ಞಾನಿಗಳು ಇದೇ ಗುಣವನ್ನು ಬಳಸಿಕೊಂಡು ವರ್ಣತಂತುಗಳನ್ನು ಇಮ್ಮಡಿಗೊಳಿಸಿದ ಗಿಡಗಳನ್ನು ಬೆಳೆಸಿದರು. ಬೀಜವಿಲ್ಲದ ಕಲ್ಲಂಗಡಿಯ ಹುಟ್ಟಿನ ಹಿಂದೆ ಇರುವುದು ಈ ವಸ್ತುವೇ.

ಹೊಲಗದ್ದೆಗೆ ಉಪಕಾರಿಯಾದ ಇದೇ ಗುಣ ಹೊಟ್ಟೆಗೆ ಹೋದರೆ ಮಾರಕ. ಮನುಷ್ಯನ ಶರೀರದಲ್ಲಿ ಅತಿವೇಗವಾಗಿ ವಿಭಜನೆಯಾಗುವ ಕೋಶಗಳಿರುವುದು ಕರುಳಿನ ಒಳಪೊರೆಯಲ್ಲಿ, ರಕ್ತ ಹುಟ್ಟುವ ಮೂಳೆಯ ನೆಣದಲ್ಲಿ ಮತ್ತು ಕೂದಲಿನ ಬುಡದಲ್ಲಿ. ಗೌರಿ ಹೂವಿನ ಗಡ್ಡೆ ತಿಂದವರಿಗೆ ಮೊದಲು ವಾಂತಿ ಭೇದಿ, ಅನಂತರ ರಕ್ತಕಣಗಳ ಕುಸಿತ, ಬದುಕಿ ಉಳಿದರೆ ಎರಡು ಮೂರು ವಾರಗಳಲ್ಲಿ ಕೂದಲು ಉದುರುವುದು, ಈ ಕ್ರಮ ಕಾಣಿಸಿಕೊಳ್ಳುವುದಕ್ಕೆ ಕಾರಣ ಅದೇ. ಗೆಣಸೆಂದು ತಿಳಿದು ಈ ಗಡ್ಡೆ ತಿಂದವರ ಪ್ರಕರಣಗಳು ಭಾರತ ಮತ್ತು ಶ್ರೀಲಂಕಾದ ವೈದ್ಯಕೀಯ ಪತ್ರಿಕೆಗಳಲ್ಲಿ ಮತ್ತೆ ಮತ್ತೆ ದಾಖಲಾಗಿವೆ. ಇಲ್ಲಿ ಒಂದು ಮಾತನ್ನು ಒತ್ತಿ ಹೇಳಬೇಕು. ತಿಂದ ಕೂಡಲೆ ಏನೂ ಆಗದೆ ಇರಬಹುದು. ಲಕ್ಷಣಗಳು ಕಾಣಿಸಲು ಕೆಲವು ಗಂಟೆಗಳೇ ಹಿಡಿಯುತ್ತವೆ. ಏನೂ ಆಗಲಿಲ್ಲವಲ್ಲ ಎಂದು ಮನೆಯಲ್ಲಿ ಕೂರಬಾರದು. ಮಗು ಈ ಗಿಡದ ಗಡ್ಡೆಯನ್ನೊ ಬೀಜವನ್ನೊ ಬಾಯಿಗೆ ಹಾಕಿಕೊಂಡಿತೆಂದು ಸಂಶಯ ಬಂದರೂ ಸಾಕು, ಗಿಡದ ತುಂಡನ್ನು ಜೊತೆಯಲ್ಲಿ ತೆಗೆದುಕೊಂಡು ತಕ್ಷಣ ದೊಡ್ಡ ಆಸ್ಪತ್ರೆಗೆ ಹೋಗಬೇಕು.

ಆಯುರ್ವೇದ ಇದನ್ನು ಉಪವಿಷಗಳ ಸಾಲಿನಲ್ಲಿ ಇಟ್ಟಿದೆ. ಗೋಮೂತ್ರದಲ್ಲಿ ನೆನೆಸಿ ಶುದ್ಧಿ ಮಾಡದೆ ಬಳಸಬಾರದೆಂಬ ವಿಧಿಯಿದೆ. ಗರ್ಭಪಾತಿನೀ ಎಂಬ ಇನ್ನೊಂದು ಹೆಸರೂ ಇದಕ್ಕಿದೆ. ಆ ಹೆಸರಿನಲ್ಲಿ ಎಷ್ಟು ಹೆಣ್ಣುಮಕ್ಕಳ ಸಂಕಟ ಅಡಗಿದೆಯೊ ಲೆಕ್ಕವಿಟ್ಟವರಿಲ್ಲ. ಗೌರಿಯ ಹೆಸರಿನ ಹೂವು ಎಂಬ ಮಾತ್ರಕ್ಕೆ ಅದು ಮನೆಮದ್ದಲ್ಲ ಎಂಬುದನ್ನು ದಯವಿಟ್ಟು ಮರೆಯಬೇಡಿ.

ನೆಲೆಯ ವಿಸ್ತಾರ

ಈಗ ಮೊದಲ ಪ್ರಶ್ನೆಗೆ ಬರೋಣ. ಗೌರಿ ಹೂವಿನ ನೆಲೆ ಬಲು ದೊಡ್ಡದು. ಆಫ್ರಿಕಾ ಖಂಡದ ಉಷ್ಣ ಪ್ರದೇಶಗಳಿಂದ ಹಿಡಿದು ಭಾರತ, ಶ್ರೀಲಂಕಾ, ಬರ್ಮಾ ದಾಟಿ ಆಗ್ನೇಯ ಏಷ್ಯಾದವರೆಗೆ ಇದು ಹಬ್ಬಿದೆ. ಜಿಂಬಾಬ್ವೆಯ ರಾಷ್ಟ್ರೀಯ ಪುಷ್ಪ ಇದು. ಆ ದೇಶ ಬ್ರಿಟಿಷರ ಕೈಯಲ್ಲಿದ್ದಾಗ, 1947ರಲ್ಲಿ, ರಾಜಕುಮಾರಿ ಎಲಿಜಬೆತ್‌ಳ 21ನೆಯ ಹುಟ್ಟುಹಬ್ಬಕ್ಕೆ ಅಲ್ಲಿಯ ಶಾಲಾಮಕ್ಕಳ ಹೆಸರಿನಲ್ಲಿ ಕೊಟ್ಟ ವಜ್ರದ ಪದಕ ಇದೇ ಹೂವಿನ ಆಕಾರದ್ದು. ನಮ್ಮ ನೆರೆಯ ತಮಿಳುನಾಡಿನ ರಾಜ್ಯಪುಷ್ಪವೂ ಇದೇ. ಕರ್ನಾಟಕದಲ್ಲಿ ಕರಾವಳಿಯಿಂದ ಮಲೆನಾಡಿನ ಅಂಚು, ಮೈದಾನದ ಕುರುಚಲು ಕಾಡುಗಳವರೆಗೆ ಕಾಣಸಿಗುತ್ತದೆ. ವರ್ಷಕ್ಕೆ ಸುಮಾರು 700 ಮಿಲಿಮೀಟರ್ ಮಳೆಯ, ಬಾರೋ ತಿಂಗಳೂ ಹರಿಯುವ ನದಿಯಿಲ್ಲದ ಕೋಲಾರದಂಥ ಒಣನೆಲವೂ ಇದಕ್ಕೆ ಒಗ್ಗುತ್ತದೆ. ಮಳೆ ಬಂದಾಗ ಎದ್ದು, ಹೋದಾಗ ಮಲಗುವ ಗಡ್ಡೆ ಇರುವುದರಿಂದ ಬರಗಾಲವನ್ನೂ ಇದು ದಾಟಬಲ್ಲದು.

ಇನ್ನೊಂದು ವಿಚಿತ್ರ ಕೇಳಿ. ಆಸ್ಟ್ರೇಲಿಯಾದ ಪೂರ್ವ ಕರಾವಳಿಯಲ್ಲಿ ತೋಟದ ಅಂದಕ್ಕೆಂದು ತಂದ ಈ ಗಿಡ ಬೇಲಿ ಹಾರಿ ಮರಳುದಿಬ್ಬಗಳಲ್ಲಿ ಹಬ್ಬಿ ಅಲ್ಲಿಯ ಸರ್ಕಾರಕ್ಕೆ ಕಿತ್ತೆಸೆಯಬೇಕಾದ ಕಳೆಯಾಗಿದೆ. ಒಂದು ಊರಿನಲ್ಲಿ ದೇವಿಯ ಹೂವು, ಇನ್ನೊಂದು ಊರಿನಲ್ಲಿ ಕಳೆ.

ಇಷ್ಟು ವಿಶಾಲವಾಗಿ ಹಬ್ಬಿರುವುದರಿಂದಲೇ ಅಂತಾರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಒಕ್ಕೂಟದ ಕೆಂಪು ಪಟ್ಟಿಯಲ್ಲಿ ಗೌರಿ ಹೂವಿಗೆ ಸಿಕ್ಕಿರುವ ಸ್ಥಾನ 'ಕನಿಷ್ಠ ಕಾಳಜಿ' ಎಂಬ ವರ್ಗ. ಹಾಗೆಂದರೆ ಜಗತ್ತಿನ ಮಟ್ಟದಲ್ಲಿ ಈ ಗಿಡ ಸದ್ಯಕ್ಕೆ ನಿರ್ನಾಮವಾಗುವ ಭಯವಿಲ್ಲ. ಈ ಮಾತು ಸರಿಯಾದದ್ದೇ. ಆದರೆ ಇದರಿಂದ ಕುರುಡುಮಲೆಯ ಬೇಲಿಯ ಬಗ್ಗೆ ನಾವು ಏನನ್ನೂ ತೀರ್ಮಾನಿಸುವಂತಿಲ್ಲ.

ಪಟ್ಟಿ ಹೇಳುವುದೇನು, ಹೇಳದಿರುವುದೇನು

ಕೆಂಪು ಪಟ್ಟಿಯ ಲೆಕ್ಕಾಚಾರ ಮುಖ್ಯವಾಗಿ ಎರಡು ಸಂಗತಿಗಳನ್ನು ನೋಡುತ್ತದೆ. ಒಂದು, ಸಂಖ್ಯೆ ಎಷ್ಟು ವೇಗವಾಗಿ ಇಳಿಯುತ್ತಿದೆ. 10 ವರ್ಷ ಅಥವಾ ಮೂರು ತಲೆಮಾರು, ಇವೆರಡರಲ್ಲಿ ಯಾವುದು ದೀರ್ಘವೊ ಆ ಅವಧಿಯಲ್ಲಿ, ಸಾಮಾನ್ಯವಾಗಿ ಶೇಕಡಾ 30ರಷ್ಟು ಇಳಿದರೆ ಆ ಜೀವಿ 'ದುರ್ಬಲ', 50ರಷ್ಟು ಇಳಿದರೆ 'ಅಪಾಯದಲ್ಲಿದೆ', 80ರಷ್ಟು ಇಳಿದರೆ 'ಗಂಭೀರ ಅಪಾಯದಲ್ಲಿದೆ'. ಎರಡು, ನೆಲೆ ಎಷ್ಟು ಚಿಕ್ಕದು. ನೆಲೆಯ ಒಟ್ಟು ಹರವು 20,000 ಚದರ ಕಿಲೋಮೀಟರಿಗಿಂತ ಕಡಿಮೆಯಿದ್ದು, ಅದು ಚೂರುಚೂರಾಗಿ ಕ್ಷೀಣಿಸುತ್ತಲೂ ಇದ್ದರೆ 'ದುರ್ಬಲ'. 5,000ಕ್ಕಿಂತ ಕಡಿಮೆಯಾದರೆ 'ಅಪಾಯ'. 100ಕ್ಕಿಂತ ಕಡಿಮೆಯಾದರೆ 'ಗಂಭೀರ ಅಪಾಯ'.

ಇಂದಿನ ಕೋಲಾರ ಜಿಲ್ಲೆಯ ವಿಸ್ತೀರ್ಣ ಸುಮಾರು 4,000 ಚದರ ಕಿಲೋಮೀಟರ್. ಕೋಲಾರ ಜಿಲ್ಲೆಯಲ್ಲಿ ಮಾತ್ರ ಬೆಳೆಯುವ ಗಿಡವೊಂದಿದ್ದು, ಅದರ ಜಾಗ ಕುಗ್ಗುತ್ತಿದ್ದರೆ ಅದು ಅಪಾಯದ ಗೆರೆಯೊಳಗೆ ಬಂದುಬಿಡುತ್ತದೆ. ಆಫ್ರಿಕಾದಿಂದ ಏಷ್ಯಾದವರೆಗೆ ಹಬ್ಬಿದ ಗಿಡ ಹಾಗಲ್ಲ. ಕೋಲಾರ ಜಿಲ್ಲೆಯಲ್ಲಿ ಅದು ಒಂದೂ ಉಳಿಯದೆ ಹೋದರೂ ಜಗತ್ತಿನ ಪಟ್ಟಿಯಲ್ಲಿ ಒಂದು ಅಕ್ಷರವೂ ಬದಲಾಗುವುದಿಲ್ಲ. ಬ್ಯಾಂಕಿನ ಒಟ್ಟು ಠೇವಣಿ ಎಷ್ಟೇ ಇರಲಿ, ನಮ್ಮ ಪಾಸ್‌ಬುಕ್ಕಿನಲ್ಲಿ ಎಷ್ಟಿದೆಯೆಂಬುದು ಬೇರೆಯೇ ಪ್ರಶ್ನೆಯಲ್ಲವೆ?

ಇದರಿಂದಲೇ ರಾಜ್ಯದ ಮಟ್ಟದಲ್ಲಿ, ಜಿಲ್ಲೆಯ ಮಟ್ಟದಲ್ಲಿ ಬೇರೆಯಾಗಿ ಲೆಕ್ಕ ಹಾಕುವ ಪದ್ಧತಿ ಬಂತು. ಭಾರತದ ಕೆಲವು ರಾಜ್ಯಗಳ ಮೌಲ್ಯಮಾಪನಗಳಲ್ಲಿ ಇದೇ ಗೌರಿ ಹೂವನ್ನು 'ದುರ್ಬಲ' ಎಂದು ಗುರುತಿಸಲಾಗಿದೆ. ಇದಕ್ಕೆ ಮುಖ್ಯ ಕಾರಣ ಗಡ್ಡೆಯ ಅಗೆತ. ಔಷಧ ಕಂಪೆನಿಗಳಿಗೆ ಇದರ ಬೀಜ ಬೇಕು. ತಮಿಳುನಾಡಿನ ಕರೂರು, ದಿಂಡಿಗಲ್ ಮುಂತಾದ ಕಡೆ ರೈತರು ಇದನ್ನು ಚಪ್ಪರ ಹಾಕಿ ಬೆಳೆಯುತ್ತಾರೆ. ಹೂವಿಗೆ ಹೂವಿನ ಪರಾಗವನ್ನು ಕೂಲಿಯಾಳುಗಳು ಕೈಯಿಂದಲೇ ಮುಟ್ಟಿಸುತ್ತಾರೆ, ಬೀಜ ವಿದೇಶಕ್ಕೆ ರಫ್ತಾಗುತ್ತದೆ. ಬೇಸಾಯದಿಂದ ಕಾಡಿನ ಗಿಡಕ್ಕೆ ಬಿಡುಗಡೆ ಸಿಗಬೇಕಾಗಿತ್ತಲ್ಲವೆ? ಅದು ಪೂರ್ತಿ ಆಗಲಿಲ್ಲ. ಬೀಜದಿಂದ ಬೆಳೆಸಿದರೆ ಬೆಳೆ ಕೈಗೆ ಬರಲು ಮೂರು ನಾಲ್ಕು ವರ್ಷ ಕಾಯಬೇಕು. ಗಡ್ಡೆ ನೆಟ್ಟರೆ ಅದೇ ಮಳೆಗಾಲಕ್ಕೆ ಹೂವು. ಹಾಗಾಗಿ ನಾಟಿಗೆ ಬೇಕಾದ ಗಡ್ಡೆಗಳನ್ನು ಕಾಡಿನಿಂದ ಅಗೆದು ತರುವ ವ್ಯವಹಾರ ಬೆಳೆಯಿತು. ಬೀಜ ಕೊಯ್ದರೆ ತಾಯಿಗಿಡ ಉಳಿಯುತ್ತದೆ, ಗಡ್ಡೆ ಅಗೆದರೆ ತಾಯಿಯೇ ಹೋಗುತ್ತದೆ.

ಕೋಲಾರದ ಹೆಸರು ಹೊತ್ತ ಇನ್ನೊಂದು ಗಿಡ

ಹೋಲಿಕೆಗೆಂದು ಇನ್ನೊಂದು ಗಿಡವನ್ನು ನಿಮಗೆ ಪರಿಚಯಿಸಬೇಕು. ಇದರ ಹೆಸರು ಬ್ರಾಕಿಸ್ಟೆಲ್ಮ ಕೋಲಾರೆನ್ಸಿಸ್. ಹೆಸರಿನಲ್ಲೇ ಕೋಲಾರವಿದೆ. 1981ರಲ್ಲಿ ಅರೆಕಲ್ ಮತ್ತು ರಾಮಕೃಷ್ಣ ಎಂಬ ಸಸ್ಯವಿಜ್ಞಾನಿಗಳು ಇದು ವಿಜ್ಞಾನಕ್ಕೆ ಹೊಸದೆಂದು ವರ್ಣಿಸಿ ಪ್ರಕಟಿಸಿದರು. ಎಕ್ಕದ ಗಿಡದ ದೂರದ ನೆಂಟ ಇದು. ಈ ಪಂಗಡದ ಹೆಚ್ಚಿನ ಜಾತಿಗಳಿರುವುದು ಆಫ್ರಿಕಾದಲ್ಲಿ. ಕೋಲಾರದ ಹೆಸರು ಹೊತ್ತದ್ದು ಮಾತ್ರ ದಕ್ಷಿಣ ಭಾರತ ಬಿಟ್ಟು ಬೇರೆಲ್ಲೂ ಇಲ್ಲ. 2017ರಲ್ಲಿ ಕೆಲವು ತಜ್ಞರು ಈ ಪಂಗಡವನ್ನೇ ಸಿರೋಪೀಜಿಯ ಎಂಬ ಇನ್ನೊಂದು ಪಂಗಡದೊಳಗೆ ಸೇರಿಸಿದರು. ಕುಲನಾಮ ಬದಲಾದರೂ ಕೋಲಾರದ ಹೆಸರು ಉಳಿದುಕೊಂಡಿದೆ.

ಈ ಪಂಗಡದ ಗಿಡಗಳು ಚಿಕ್ಕವು. ನೆಲದಲ್ಲಿ ಗಡ್ಡೆ, ಮಳೆ ಬಿದ್ದಾಗ ಕೆಲವೇ ವಾರಗಳ ಬಾಳು, ಹುಲ್ಲಿನ ನಡುವೆ ಬಗ್ಗಿ ನೋಡಿದರೆ ಮಾತ್ರ ಕಾಣುವ ಹೂವು. ಅನೇಕ ಜಾತಿಗಳ ಹೂವಿಗೆ ಕೊಳೆತ ವಾಸನೆ, ಏಕೆಂದರೆ ಅವು ಕರೆಯುವುದು ಚಿಟ್ಟೆಯನ್ನಲ್ಲ, ಸಣ್ಣ ನೊಣಗಳನ್ನು. ದೇವರಿಗೂ ಏರಿಸುವುದಿಲ್ಲ, ಮುಡಿಗೂ ಮುಡಿಯುವುದಿಲ್ಲ.

ಕಾರ್ಯಕ್ರಮ ತಯಾರಿಸುವವನಾಗಿ ನನಗೆ ತೋರುವುದನ್ನು ಇಲ್ಲಿ ಹೇಳುತ್ತೇನೆ. ಕ್ಯಾಮೆರಾಗೆ ಗೌರಿ ಹೂವು ಇಷ್ಟ. ತೆರೆಯ ಮೇಲೆ ಮೂರು ಸೆಕೆಂಡು ಬಂದರೂ ಜನರ ಮನಸ್ಸಿನಲ್ಲಿ ನಿಲ್ಲುತ್ತದೆ. ಕೋಲಾರದ ಹೆಸರಿನ ಆ ಪುಟ್ಟ ಗಿಡವನ್ನು ತೋರಿಸಬೇಕಾದರೆ ನೆಲಕ್ಕೆ ಮಲಗಿ, ಮಸೂರ ಹಾಕಿ, ಗಾಳಿ ನಿಲ್ಲುವವರೆಗೆ ಕಾಯಬೇಕು. ಅಷ್ಟಾದರೂ ನೋಡುವವರು ಇದೇನು ಕಳೆಯೆಂದು ಕೇಳಬಹುದು. ಜನರ ಕಣ್ಣಿಗೆ ಬೀಳುವುದು ಒಂದು, ಅಪಾಯದಲ್ಲಿರುವುದು ಇನ್ನೊಂದು. ವಿಶಾಲ ನೆಲೆಯ ಗೌರಿ ಹೂವು ಒಂದು ಜಿಲ್ಲೆಯಲ್ಲಿ ಕಾಣೆಯಾದರೆ ಆ ಜಿಲ್ಲೆಯ ನಷ್ಟ. ಕಿರಿದಾದ ನೆಲೆಯ ಗಿಡ ಕೆಲವು ಗುಡ್ಡಗಳಲ್ಲಿ ಕಾಣೆಯಾದರೆ ಇಡೀ ಭೂಮಿಗೇ ನಷ್ಟ. ಆದರೆ ಇವೆರಡಕ್ಕೂ ಬೇಕಾದ ನೆಲ ಒಂದೇ ಬಗೆಯದು. ಬೆಟ್ಟದ ತಪ್ಪಲು, ಕಲ್ಲುಸಂದಿ, ಗೋಮಾಳ, ಹೊಲದ ಅಂಚು. ಸುಂದರವಾದ ಹೂವಿನ ನೆಪದಲ್ಲಿ ಆ ನೆಲ ಉಳಿದರೆ, ಹೆಸರೇ ಕೇಳದ ಆ ಸಣ್ಣ ಗಿಡವೂ ಅದರ ಜೊತೆಗೆ ಉಳಿಯುತ್ತದೆ.

ಬೇಲಿ ಹೋದರೆ

ಗೌರಿ ಹೂವಿನ ಶತ್ರು ಯಾರು? ಆಡು ಮುಟ್ಟದ ಸೊಪ್ಪಿಲ್ಲ ಎಂಬ ಗಾದೆಯಿದೆ. ಆದರೆ ವಿಷವಿರುವ ಕಾರಣ ಈ ಗಿಡಕ್ಕೆ ಸಾಮಾನ್ಯವಾಗಿ ಕುರಿ ಆಡುಗಳೂ ಬಾಯಿ ಹಾಕುವುದಿಲ್ಲ. ಬೇಸಿಗೆಯಲ್ಲಿ ಬೆಟ್ಟಕ್ಕೆ ಬೆಂಕಿ ಬಿದ್ದರೆ ಗಡ್ಡೆ ನೆಲದೊಳಗೆ ತಂಪಾಗಿ ಮಲಗಿರುತ್ತದೆ. ಬರ ಬಂದರೂ ಕಾಯಬಲ್ಲದು. ಆಡು, ಬೆಂಕಿ, ಬರ ಮೂರನ್ನೂ ಗೆದ್ದ ಗಿಡ ಸೋಲುವುದು ಹಾರೆಗೆ ಮತ್ತು ಮಣ್ಣು ಅಗೆಯುವ ಯಂತ್ರಕ್ಕೆ.

ಇಳಿವಯಸ್ಸಿನವರು ನೆನಪಿಸಿಕೊಳ್ಳಿ. ಹಿಂದೆ ಹೊಲದ ಬದುವಿನ ಮೇಲೆ ಕಳ್ಳಿ, ಕತ್ತಾಳೆ, ಕಾರೆ, ಕವಳೆ, ತಂಗಡಿ ಸೇರಿದ ಜೀವಂತ ಬೇಲಿ ಇರುತ್ತಿತ್ತು. ಎಲೆಯ ತುದಿಯಿಂದ ಹಿಡಿದು ಏರುವ ಬಳ್ಳಿಗೆ ಅದೇ ಏಣಿ. ಉಳುಮೆಯ ನೇಗಿಲು ಬೇಲಿಯ ಬುಡಕ್ಕೆ ಹೋಗುತ್ತಿರಲಿಲ್ಲವಾದ್ದರಿಂದ ಗಡ್ಡೆಗೂ ಅಲ್ಲಿ ನೆಮ್ಮದಿ. ಈಗ ಬೇಲಿ ಕಿತ್ತು ಕಲ್ಲುಕಂಬ ನೆಟ್ಟು ಮುಳ್ಳುತಂತಿ ಎಳೆಯುವುದು ರೂಢಿಯಾಗಿದೆ. ರೈತರನ್ನು ದೂರುವ ಹಾಗಿಲ್ಲ. ಜೀವಂತ ಬೇಲಿ ಎರಡು ಮೂರು ಅಡಿ ನೆಲ ತಿನ್ನುತ್ತದೆ, ವರ್ಷವರ್ಷ ಸವರಬೇಕು, ಅದಕ್ಕೆ ಕೂಲಿ ಬೇಕು. ನೆಲಕ್ಕೆ ಬೆಲೆ ಬಂದ ಕಾಲದಲ್ಲಿ ಆ ಎರಡಡಿಯೂ ಲೆಕ್ಕಕ್ಕೆ ಬರುತ್ತದೆ. ಆದರೆ ತಂತಿಯ ಬುಡದ ನೆಲವನ್ನು ಕೆರೆದು, ಕಳೆನಾಶಕ ಹೊಡೆದು ಚೊಕ್ಕಟ ಮಾಡಿದಾಗ ಅಲ್ಲಿ ಏನೇನು ಹೋಯಿತೆಂಬುದನ್ನು ಯಾರೂ ಬರೆದಿಡುವುದಿಲ್ಲ.

ಎರಡನೆಯದು ನೀಲಗಿರಿ. ಕೋಲಾರ ಜಿಲ್ಲೆಯಲ್ಲಿ ಸಾಮಾಜಿಕ ಅರಣ್ಯದ ಹೆಸರಿನಲ್ಲಿ 1980ರ ದಶಕದಲ್ಲಿ ಹೊಲಹೊಲಗಳೇ ನೀಲಗಿರಿ ತೋಪುಗಳಾದವು. ಒಂದೇ ಜಾತಿಯ ಮರಗಳ ಸಾಲಿನ ಕೆಳಗೆ ಪೊದೆಗಳಿಗೆ ಜಾಗವಿಲ್ಲ, ಪೊದೆಯಿಲ್ಲದೆ ಬಳ್ಳಿಗೆ ಆಸರೆಯಿಲ್ಲ. 2017ರಲ್ಲಿ ರಾಜ್ಯ ಸರ್ಕಾರ ಹೊಸದಾಗಿ ನೀಲಗಿರಿ ನೆಡುವುದನ್ನು ನಿಷೇಧಿಸಿತು. ಮರ ಕಡಿಯುವುದು ಸುಲಭ, ಮೊದಲಿದ್ದ ಕುರುಚಲು ತಾನಾಗಿ ಮರಳಿ ಬರುವುದು ನಿಧಾನ. ಮೂರನೆಯದು ಕಲ್ಲುಗಣಿ. ನಮ್ಮ ಕಣಶಿಲೆಯ ಗುಡ್ಡಗಳು ಕಟ್ಟಡಕ್ಕೂ ರಸ್ತೆಗೂ ಬೇಕು. ಗುಡ್ಡವೇ ಜಲ್ಲಿಯಾಗಿ ಲಾರಿ ಹತ್ತಿದರೆ ಅದರ ಸಂದಿಯ ಮಣ್ಣನ್ನು ಮತ್ತೆ ತಯಾರಿಸುವ ಕಾರ್ಖಾನೆ ಎಲ್ಲೂ ಇಲ್ಲ.

ಹೊರಗಿನಿಂದ ಬಂದ ಲಂಟಾನ ನಾಲ್ಕನೆಯದು. ಇದರಲ್ಲಿ ಒಂದು ವೈಚಿತ್ರ್ಯವಿದೆ. ಲಂಟಾನದ ಪೊದೆಯನ್ನೇ ಏಣಿ ಮಾಡಿಕೊಂಡು ಗೌರಿ ಹೂವಿನ ಬಳ್ಳಿ ಏರುವುದುಂಟು. ಆದರೆ ಲಂಟಾನ ದಟ್ಟವಾಗಿ ಮುಚ್ಚಿಕೊಂಡ ಕಡೆ ಎಳೆಯ ಸಸಿಗಳಿಗೆ ಬೆಳಕು ಸಿಗುವುದಿಲ್ಲ. ಹಾಗಾಗಿ ಅದನ್ನು ತೆಗೆಯುವಾಗಲೂ ಯಂತ್ರದಿಂದ ನೆಲ ಬಗೆಯದೆ, ಕೈಯಿಂದ ಬುಡ ಕತ್ತರಿಸಿ ತೆಗೆಯುವುದು ಮೇಲು.

ನಾವು ಮಾಡಬಹುದಾದದ್ದು

ಕಾನೂನಿನ ಬೆಂಬಲ ಇಲ್ಲದಿಲ್ಲ. ಮೀಸಲು ಅರಣ್ಯದಿಂದ ಅನುಮತಿಯಿಲ್ಲದೆ ಗಡ್ಡೆ ಬೇರು ಅಗೆದು ಒಯ್ಯುವುದು ರಾಜ್ಯದ ಅರಣ್ಯ ಕಾಯ್ದೆಯ ಪ್ರಕಾರ ಅಪರಾಧ. 2002ರ ಜೀವವೈವಿಧ್ಯ ಕಾಯ್ದೆಯ ಪ್ರಕಾರ ಪ್ರತಿ ಗ್ರಾಮ ಪಂಚಾಯಿತಿಯಲ್ಲೂ ಒಂದು ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು, ಆ ಊರಿನ ಗಿಡ, ಬೆಳೆ, ಪ್ರಾಣಿಗಳ ದಾಖಲೆಯ ಪುಸ್ತಕ ಇರಬೇಕು. ಬೆಂಗಳೂರಿನಲ್ಲಿ 1993ರಲ್ಲಿ ಆರಂಭವಾದ ಸ್ಥಳೀಯ ಆರೋಗ್ಯ ಪರಂಪರೆಗಳ ಪುನಶ್ಚೇತನ ಪ್ರತಿಷ್ಠಾನವು ಅರಣ್ಯ ಇಲಾಖೆಯೊಡನೆ ಸೇರಿ ಔಷಧಿ ಗಿಡಗಳಿಗೆಂದೇ ಕಾಡಿನ ತುಣುಕುಗಳನ್ನು ಮೀಸಲಿಡುವ ಕೆಲಸ ಮಾಡಿದೆ. ಆದರೆ ಬೇಲಿಯ ಮೇಲಿನ ಗಿಡ ಮೀಸಲು ಕಾಡಿನಲ್ಲಿಲ್ಲ. ಅದಕ್ಕೆ ಕಾವಲು ನಾವೇ.

ಮೊದಲನೆಯದಾಗಿ, ರೈತ ಬಂಧುಗಳಲ್ಲಿ ಒಂದು ಕೋರಿಕೆ. ಇಡೀ ಹೊಲಕ್ಕೆ ಬೇಡ, ಒಂದು ಬದಿಯಲ್ಲಾದರೂ ಹಳೆಯ ಬೇಲಿಯನ್ನು ಹಾಗೆಯೇ ಬಿಡಿ. ಶ್ರೀನಿವಾಸಪುರದ ಮಾವಿನ ತೋಪುಗಳ ಅಂಚು ಇದಕ್ಕೆ ಹೇಳಿಮಾಡಿಸಿದ ಜಾಗ. ಹೂಬಿಡುವ ಕಾಡುಬೇಲಿ ಜೇನುನೊಣಗಳಿಗೂ ಬೇಕು, ಅವು ಬಂದರೆ ತೋಪಿಗೂ ಲಾಭ.

ಎರಡನೆಯದಾಗಿ, ಗಡ್ಡೆ ಕೊಳ್ಳಲು ಬರುವವರಿಗೆ ಅಗೆದು ಕೊಡಬೇಡಿ. ಬೆಳೆಯಲು ಇಷ್ಟವಿದ್ದರೆ ಬೀಜದಿಂದ ಬೆಳೆಸಿ. ಮಕ್ಕಳಿರುವ ಮನೆಯ ಅಂಗಳದಲ್ಲಿ ಮಾತ್ರ ಖಂಡಿತ ಬೇಡ.

ಮೂರನೆಯದು ಉಪಾಧ್ಯಾಯರಿಗೆ. ಕರ್ನಾಟಕದ ಸಸ್ಯಸಂಪತ್ತಿನ ಬಗ್ಗೆ ದುಡಿದ ಫಾದರ್ ಸೆಸಿಲ್ ಸಲ್ಡಾನಾ ಅವರು ನಿಕೊಲ್ಸನ್ ಅವರ ಜೊತೆ ಸೇರಿ 1976ರಲ್ಲಿ ಹಾಸನ ಜಿಲ್ಲೆಯ ಸಸ್ಯಗಳ ದೊಡ್ಡ ಗ್ರಂಥವನ್ನು ಹೊರತಂದರು. ಒಂದೊಂದು ಗಿಡವನ್ನೂ ಎಲ್ಲಿ, ಯಾವಾಗ ಸಿಕ್ಕಿತೆಂದು ಬರೆದಿಡುವುದೇ ಇಂಥ ಕೆಲಸದ ಅಡಿಪಾಯ. ಆ ಶಿಸ್ತನ್ನು ಒಂದು ಪ್ರೌಢಶಾಲೆಯೂ ಪಾಲಿಸಬಹುದು. ಶ್ರಾವಣ, ಭಾದ್ರಪದಗಳಲ್ಲಿ ಮಕ್ಕಳೊಡನೆ ಊರಿನ ಸುತ್ತ ನಡೆಯಿರಿ. ಗೌರಿ ಹೂವು ಕಂಡಲ್ಲಿ ನಾಲ್ಕು ಸಂಗತಿ ಬರೆಸಿ: ದಿನಾಂಕ, ಜಾಗ, ಬಳ್ಳಿಗಳ ಸಂಖ್ಯೆ, ಯಾವ ಗಿಡದ ಮೇಲೆ ಹಬ್ಬಿದೆ. ಕೀಳುವುದು ಬೇಡ, ಮುಟ್ಟಿದರೆ ಕೈ ತೊಳೆಯಲಿ. ಮರುವರ್ಷ ಅದೇ ದಾರಿಯಲ್ಲಿ ಮತ್ತೆ ನಡೆಯಿರಿ. ಕಾಣದಿದ್ದ ಕಡೆ 'ಇಲ್ಲ' ಎಂದು ಬರೆಯುವುದನ್ನು ಮರೆಯಬೇಡಿ, ಏಕೆಂದರೆ ವಿಜ್ಞಾನದಲ್ಲಿ 'ಇಲ್ಲ' ಎಂಬುದೂ ಒಂದು ಅಂಕಿ. ಐದು ವರ್ಷ ಹೀಗೆ ಬರೆದ ನೋಟುಪುಸ್ತಕ ಪಂಚಾಯಿತಿಯ ದಾಖಲೆಗೆ ಸೇರಿದರೆ ನಿಮ್ಮ ಊರಿನಲ್ಲಿ ಈ ಹ‌ೂವಿನ ಸ್ಥಿತಿ ಏನೆಂಬುದಕ್ಕೆ ಜಗತ್ತಿನ ಯಾವ ಪಟ್ಟಿಯೂ ಕೊಡಲಾಗದ ಉತ್ತರ ನಿಮ್ಮ ಕೈಯಲ್ಲಿರುತ್ತದೆ.

ಹಿತ್ತಲ ಗಿಡ ಮದ್ದಲ್ಲ ಎನ್ನುತ್ತಾರೆ. ಹಿತ್ತಲಲ್ಲಿ ಇರುವವರೆಗೆ ಅದರ ಬೆಲೆ ತಿಳಿಯುವುದಿಲ್ಲ ಎಂಬುದು ಅದರ ಒಳಮಾತು. ಈ ಸಲ ಹಬ್ಬಕ್ಕೆ ಕುರುಡುಮಲೆಗೆ ಹೋದವರು ದರ್ಶನ ಮುಗಿಸಿಕೊಂಡು ಬೆಟ್ಟದ ಕಡೆಗೂ ನಾಲ್ಕು ಹೆಜ್ಜೆ ಹಾಕಿ. ಪೊದೆಗಳ ಮೇಲೆ ಕಣ್ಣಾಡಿಸಿ. ಹೂವು ಕಂಡರೆ ಕೀಳದೆ ಎಣಿಸಿ. ಕಾಣದಿದ್ದರೆ ಊರಿನ ಹಿರಿಯರನ್ನು ಕೇಳಿ, ಎಲ್ಲಿತ್ತು, ಯಾವಾಗಿನಿಂದ ಇಲ್ಲ ಎಂದು. ಅವರು ಹೇಳಿದ್ದನ್ನು ಬರೆದುಕೊಳ್ಳಿ.